ಕಾಲಿಗೆ ತಕ್ಕ ಸೈಕಲ್

ಎಲ್ಲರಿಗೂ ನಮಸ್ಕಾರ. ಇವತ್ತು ರೋಡ್ ಬೈಕ್ ಬಗ್ಗೆ ಮಾತಾಡೋಣ. ಪೆಟ್ರೋಲ್ ಹಾಕುವ ಗಾಡಿಯಲ್ಲ, ತುಳಿಯುವ ಸೈಕಲ್ಲು. ಬಾಗಿದ ಹ್ಯಾಂಡಲ್ಲು, ಸಪೂರ ಟೈರು ಇರುತ್ತದಲ್ಲ, ಅದು. ಅದರಲ್ಲೂ ಲಕ್ಷಗಟ್ಟಲೆ ಸುರಿದು ತರುವವರದ್ದಲ್ಲ, ದುಡ್ಡು ಎಣಿಸಿ ಎಣಿಸಿ ಕೊಳ್ಳುವವರ ಸೈಕಲ್ಲು.

ಹೊಸದಾಗಿ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಗೇರಿದೆ ಅಂತ. ಆಮೇಲೆ ತೂಕ ಎಷ್ಟು ಅಂತ. ನನ್ನ ಪ್ರಕಾರ ಎರಡೂ ನಂತರದ ಮಾತು. ಗೇರು ಬದಲಾಯಿಸಬಹುದು, ಟೈರು ಬದಲಾಯಿಸಬಹುದು, ಸೀಟು ಹಿಡಿಸದಿದ್ದರೆ ಬೇರೆ ಹಾಕಿಸಬಹುದು. ಫ್ರೇಮಿನ ಅಳತೆ ಮಾತ್ರ ಕೊಂಡ ದಿನ ಏನಿತ್ತೋ ಕೊನೆಯವರೆಗೂ ಅಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಬೆಲೆಯ ವಿಷಯದಲ್ಲಿ ಸರಿ, ಅಳತೆಯ ವಿಷಯದಲ್ಲಿ ಕಾಲಿದ್ದಷ್ಟಕ್ಕೇ ಹಾಸಿಗೆ ಹುಡುಕಬೇಕು. ಕಡಿಮೆ ಬೆಲೆಗೆ ಸಿಗುತ್ತಿದೆ ಅಂತ ಎರಡು ಸೈಜು ದೊಡ್ಡದನ್ನು ತಂದರೆ ಅದು ಕೊನೆಗೆ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಗುತ್ತದೆ.

ಅಳತೆ ತೆಗೆಯುವುದು ಕಷ್ಟವೇನಲ್ಲ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಒಂದು ದಪ್ಪ ರಟ್ಟಿನ ಪುಸ್ತಕವನ್ನು ಕಾಲುಗಳ ನಡುವೆ ಇಟ್ಟು, ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತದೋ ಅಷ್ಟು ಗಟ್ಟಿಯಾಗಿ ಮೇಲಕ್ಕೆ ಒತ್ತಿ ಹಿಡಿಯಿರಿ, ಪುಸ್ತಕದ ಅಂಚು ಗೋಡೆಗೆ ನೇರವಾಗಿ ತಾಗಿರಲಿ. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಅಂತ ಇನ್ನೊಬ್ಬರಿಂದ ಅಳೆಸಿ. ಸುಮ್ನೆ ಪ್ಯಾಂಟಿನ ಅಳತೆ ಹೇಳಬೇಡಿ, ಅದು ಬೇರೆ ಲೆಕ್ಕ.

ಈಗ ಕಾಲಿನ ಅಳತೆ 80 ಸೆಂಟಿಮೀಟರ್ ಬಂತು ಅಂದುಕೊಳ್ಳಿ. ಹಳೇ ಲೆಕ್ಕದಲ್ಲಿ ಅದನ್ನು 0.67ರಿಂದ ಗುಣಿಸಿದರೆ ಫ್ರೇಮಿನ ಸೈಜು ಸಿಗುತ್ತಿತ್ತು, ಅಂದರೆ 53 ಅಥವಾ 54. ಮೇಲಿನ ಪೈಪು ನೆಲಕ್ಕೆ ಸಮಾನಾಂತರವಾಗಿ ಇರುತ್ತಿದ್ದ ಕಾಲದ ಲೆಕ್ಕ ಅದು. ಈಗಿನ ಫ್ರೇಮುಗಳಲ್ಲಿ ಆ ಪೈಪು ಸೀಟಿನ ಕಡೆಗೆ ಇಳಿಜಾರಾಗಿರುತ್ತದೆ, ಹಾಗಾಗಿ ಒಂದು ಕಂಪನಿಯ 54 ಇನ್ನೊಂದು ಕಂಪನಿಯ 54ಕ್ಕೆ ಸಮ ಇರಲೇಬೇಕು ಅಂತಿಲ್ಲ. ಕೆಲವರು ನಂಬರ್ ಬಿಟ್ಟು ಸ್ಮಾಲ್, ಮೀಡಿಯಂ ಅಂತ ಬರೆದುಬಿಡುತ್ತಾರೆ, ಅದು ಇನ್ನೂ ಗೊಂದಲ. ಅದಕ್ಕೇ ಕಂಪನಿಯ ಅಳತೆಪಟ್ಟಿಯಲ್ಲಿ ಸ್ಟ್ಯಾಕ್, ರೀಚ್ ಅಂತ ಎರಡು ಸಂಖ್ಯೆ ಕೊಟ್ಟಿರುತ್ತಾರೆ ನೋಡಿ, ಅವನ್ನು ಹಿಡಿಯಿರಿ. ಪೆಡಲನ್ನು ಹಿಡಿದಿರುವ ತೋಳು, ಅಂದರೆ ಕ್ರ್ಯಾಂಕ್, ತಿರುಗುವ ನಡುಬಿಂದುವಿನಿಂದ ಹ್ಯಾಂಡಲ್ ಕೂರುವ ಪೈಪಿನ ತುದಿ ಎಷ್ಟು ಮೇಲಿದೆ ಅನ್ನೋದು ಸ್ಟ್ಯಾಕ್, ಎಷ್ಟು ಮುಂದಿದೆ ಅನ್ನೋದು ರೀಚ್. ಸ್ಟ್ಯಾಕ್ ಜಾಸ್ತಿ, ರೀಚ್ ಕಡಿಮೆ ಇದ್ದರೆ ಬೆನ್ನು ಅಷ್ಟಾಗಿ ಬಗ್ಗಬೇಕಿಲ್ಲ. ಎಂಡ್ಯೂರೆನ್ಸ್ ಅಂತ ಹೆಸರಿಟ್ಟು ಮಾರುವ ಸೈಕಲ್‌ಗಳು ಹೀಗಿರುತ್ತವೆ. ರೇಸಿನವು ಇದಕ್ಕೆ ಉಲ್ಟಾ. ಮೊದಲ ಸಲ ಕೊಳ್ಳುವವರು ರೇಸಿನದ್ದರ ಹಿಂದೆ ಯಾಕೆ ಬೀಳುತ್ತಾರೋ ನನಗಂತೂ ಅರ್ಥವಾಗಿಲ್ಲ.

ಎರಡು ಸೈಜಿನ ನಡುವೆ ಸಿಕ್ಕಿಹಾಕಿಕೊಂಡರೆ? ನಾನಾದರೆ ಚಿಕ್ಕದನ್ನೇ ಆರಿಸುತ್ತೇನೆ. ಚಿಕ್ಕದರಲ್ಲಿ ಸೀಟನ್ನು ಎತ್ತಬಹುದು, ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ಮನ್ನು 1 ಸೆಂಟಿಮೀಟರ್ ಉದ್ದದ್ದಕ್ಕೆ ಬದಲಾಯಿಸಬಹುದು. ದೊಡ್ಡದನ್ನು ಕುಗ್ಗಿಸೋಕೆ ಹೋದರೆ ಬೇಗ ದಾರಿ ಮುಗಿಯುತ್ತದೆ. ಸ್ಟೆಮ್ಮನ್ನು ತೀರಾ ಗಿಡ್ಡ ಮಾಡಿದರೆ ಹ್ಯಾಂಡಲ್ಲು ಚಂಚಲವಾಗುತ್ತದೆ, ಸ್ವಲ್ಪ ಮುಟ್ಟಿದರೂ ಅತ್ತಿತ್ತ ಓಡುತ್ತದೆ. ಆದರೆ ಬೆನ್ನು ಬಗ್ಗಲ್ಲ ಅನ್ನುವವರಿಗೆ ಈ ಮಾತು ಯಾವಾಗಲೂ ಹೊಂದುವುದಿಲ್ಲ. ಚಿಕ್ಕ ಫ್ರೇಮಿನಲ್ಲಿ ಹ್ಯಾಂಡಲ್ಲು ತಗ್ಗಿನಲ್ಲಿರುತ್ತದೆ, ಅದನ್ನೂ ನೋಡಿಕೊಳ್ಳಿ.

ಸೀಟಿನ ಎತ್ತರಕ್ಕೆ ಒಂದು ಹೆಸರಾಂತ ಲೆಕ್ಕ ಇದೆ. ಟೂರ್ ಡಿ ಫ್ರಾನ್ಸ್ ಅನ್ನುವ ದೊಡ್ಡ ಸೈಕಲ್ ರೇಸನ್ನು 1986, 1989, 1990ರಲ್ಲಿ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಅದು ಓಡಾಡುತ್ತದೆ. ಕಾಲಿನ ಅಳತೆಯನ್ನು 0.883ರಿಂದ ಗುಣಿಸಿ. 80ಕ್ಕೆ 70.6 ಬರುತ್ತದೆ. ಕ್ರ್ಯಾಂಕಿನ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಸೆಂಟಿಮೀಟರ್. ಇದು ಶುರು ಮಾಡೋಕೆ ಮಾತ್ರ. ಸರಿಯಾಗಿದೆಯಾ ಅಂತ ನೋಡಬೇಕಾದರೆ ಸೀಟಿನ ಮೇಲೆ ಕೂತು, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಹಿಂದಕ್ಕೆ ತುಳಿಯಿರಿ. ಪೆಡಲು ಕೆಳಕ್ಕೆ ಹೋದಾಗ ಕಾಲು ನೆಟ್ಟಗಾಗಬೇಕು, ಸೊಂಟ ಮಾತ್ರ ಅತ್ತಿತ್ತ ತೂಗಬಾರದು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿ ತಾನಾಗಿಯೇ ಒಂಚೂರು ಮಡಚಿರುತ್ತದೆ. ನಾಲ್ಕೈದು ಸವಾರಿ ಆದ ಮೇಲೆ ಮಂಡಿಯ ಮುಂದೆ ನೋವು ಬಂದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಅಂತ, ಮಂಡಿಯ ಹಿಂದೆ ಬಂದರೆ ಎತ್ತರವಾಗಿದೆ ಅಂತ. ಒಂದೇ ಸಲ ಎರಡು ಸೆಂಟಿಮೀಟರ್ ಎಗರಿಸಬೇಡಿ. ಮೂರು ನಾಲ್ಕು ಮಿಲಿಮೀಟರ್ ಬದಲಾಯಿಸಿ, ಓಡಿಸಿ ನೋಡಿ.

ಇನ್ನು ದುಡ್ಡಿನ ವಿಷಯ. ಅಗ್ಗದ ಸೈಕಲ್ ಅಂದರೆ ಸಾಮಾನ್ಯವಾಗಿ ಅಲ್ಯೂಮಿನಿಯಂ ಫ್ರೇಮು, ಹಿಂದೆ ಎಂಟು ಗೇರು, ಉದಾಹರಣೆಗೆ ಶಿಮಾನೊ ಕಂಪನಿಯ ಕ್ಲ್ಯಾರಿಸ್ ಗೇರ್ ಸೆಟ್ಟು. ಎಂಟೇನಾ ಅಂತ ಮೂಗು ಮುರಿಯುವವರಿದ್ದಾರೆ. ಮುರಿಯಲಿ ಬಿಡಿ. ಎಂಟು ಗೇರಿನ ಚೈನು, ಹಿಂದಿನ ಹಲ್ಲುಚಕ್ರ ಎರಡೂ ಹನ್ನೊಂದು ಹನ್ನೆರಡು ಗೇರಿನವಕ್ಕಿಂತ ಎಷ್ಟೋ ಅಗ್ಗ, ಹೊಂದಾಣಿಕೆ ಒಂಚೂರು ತಪ್ಪಿದರೂ ಸಹಿಸಿಕೊಳ್ಳುತ್ತದೆ. ಉಳಿದ ದುಡ್ಡಲ್ಲಿ ಒಳ್ಳೆ ಟೈರು ಹಾಕಿಸಿ, ಅದರ ಸುಖ ಮೊದಲ ದಿನವೇ ಗೊತ್ತಾಗುತ್ತದೆ. ಫ್ರೇಮಿನಲ್ಲಿ ಜಾಗ ಇದ್ದರೆ 28 ಮಿಲಿಮೀಟರ್ ಅಗಲದ್ದೇ ಇರಲಿ. 23ರ ಕಾಲ ಮುಗಿಯಿತು.

ಹಳೆಯ ಸೈಕಲ್ ಕೊಳ್ಳೋದಾದರೆ ಬಣ್ಣ ನೋಡಿ ಮರುಳಾಗಬೇಡಿ. ಫ್ರೇಮಿನ ಪೈಪುಗಳು ಸೇರುವ ಜಾಗದಲ್ಲಿ ಬಿರುಕಿದೆಯಾ ಅಂತ ಬೆಳಕಲ್ಲಿ ಹಿಡಿದು ನೋಡಿ. ಚಕ್ರ ಎತ್ತಿ ತಿರುಗಿಸಿ, ರಿಮ್ಮು ತೂರಾಡುತ್ತಾ ಬ್ರೇಕಿಗೆ ತಾಗುತ್ತಾ ನೋಡಿ. ಹಿಂದೆ ನಿಂತು ನೋಡಿದರೆ ಗೇರು ಬದಲಿಸುವ ಡಿರೇಲರ್ ಹಲ್ಲುಚಕ್ರದ ನೇರಕ್ಕೆ ನೇತಾಡುತ್ತಿರಬೇಕು, ಒಳಕ್ಕೆ ವಾಲಿದ್ದರೆ ಸೈಕಲ್ ಯಾವಾಗಲೋ ಬಲಕ್ಕೆ ಬಿದ್ದಿದೆ ಅಂತ. ಅದನ್ನು ಹಿಡಿದಿರುವ ಚಿಕ್ಕ ಕೊಂಡಿ ಹೆಚ್ಚಿನವುಗಳಲ್ಲಿ ಬದಲಾಯಿಸಬಹುದಾದದ್ದು, ಹಾಗಾಗಿ ಅದೊಂದಕ್ಕೇ ಬೇಡ ಅನ್ನಬೇಕಿಲ್ಲ, ಬೆಲೆ ಇಳಿಸೋಕೆ ಅದು ಸಾಕು.

ನೋಡಿಕೊಳ್ಳುವ ವಿಚಾರದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಎರಡೇ, ಗಾಳಿ ಮತ್ತು ಚೈನು. ಸಪೂರ ಟೈರಿನಿಂದ ಗಾಳಿ ಸೋರುತ್ತಲೇ ಇರುತ್ತದೆ, ವಾರಕ್ಕೊಮ್ಮೆಯಾದರೂ ಹಾಕಬೇಕು. ಗೇಜ್ ಇರುವ, ನೆಲಕ್ಕೆ ಇಟ್ಟು ಒತ್ತುವ ಪಂಪು ತಗೊಳ್ಳಿ. 70 ಕೆಜಿ ಆಸುಪಾಸಿನವರಿಗೆ 28ರ ಟೈರಿಗೆ ಗಾಳಿಯ ಒತ್ತಡ 70 ಪಿಎಸ್ಐ ಹತ್ತಿರ ಸಾಕು. ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿಯನ್ನು ದಾಟಬೇಡಿ. ಗಾಳಿ ಕಡಿಮೆ ಇದ್ದು ಗುಂಡಿಗೆ ಬಿದ್ದರೆ ಟ್ಯೂಬು ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಆಗುತ್ತದೆ. ಪಂಕ್ಚರ್ ಹಾಗೆ ಜೋಡಿಯಾಗಿದ್ದರೆ ಮುಳ್ಳು ಹುಡುಕಬೇಡಿ.

ಚೈನಿನದ್ದು ಇನ್ನೂ ಸ್ವಾರಸ್ಯ. ಸವೆದಾಗ ಚೈನು ಉದ್ದವಾಗುತ್ತದೆ. ಲೋಹ ಎಳೆದುಕೊಳ್ಳುವುದಿಲ್ಲ, ಪಿನ್ನು ಕೂತಿರುವ ಜಾಗಗಳು ಒಂದೊಂದೂ ಕೂದಲೆಳೆಯಷ್ಟು ಸವೆದು ಒಟ್ಟಾರೆ ಉದ್ದ ಹೆಚ್ಚುತ್ತದೆ. ಅಳೆಯೋಕೆ ಒಂದು ಅಡಿ ಸ್ಕೇಲು ಸಾಕು. ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿದರೆ ಹೊಸ ಚೈನಿನಲ್ಲಿ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ನಡು ಬರುತ್ತದೆ. ಆ ಪಿನ್ನು ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಸರಿದಿದ್ದರೆ ಚೈನು ಬದಲಾಯಿಸಿ. ಎಂಟನೇ ಒಂದು ಭಾಗದವರೆಗೂ ಬಿಟ್ಟರೆ ಅಷ್ಟೊತ್ತಿಗೆ ಅದು ಹಲ್ಲುಚಕ್ರವನ್ನೂ ತಿಂದಿರುತ್ತದೆ. ಆಗ ಹೊಸ ಚೈನು ಹಾಕಿದರೆ ತುಳಿದಾಗ ಹಲ್ಲಿನಿಂದ ಜಾರುತ್ತದೆ, ಎರಡಕ್ಕೂ ದುಡ್ಡು ತೆರಬೇಕು.

ಎಣ್ಣೆ ಹಾಕುವಾಗ ಮೊದಲು ಹಳೇ ಬಟ್ಟೆಯಲ್ಲಿ ಚೈನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸಿ, ಬಟ್ಟೆ ಕಪ್ಪಾಗೋದು ಕಡಿಮೆಯಾಗುವ ತನಕ. ಆಮೇಲೆ ಒಂದೊಂದು ರೋಲರಿಗೆ ಒಂದೇ ತೊಟ್ಟು ಚೈನ್ ಆಯಿಲ್. ಸ್ವಲ್ಪ ತಿರುಗಿಸಿ, ಒಂದಷ್ಟು ಹೊತ್ತು ಬಿಟ್ಟು, ಹೊರಗಿನದ್ದನ್ನೆಲ್ಲ ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆ ಧೂಳು ಹಿಡಿಯುವುದಕ್ಕೆ ಬಿಟ್ಟರೆ ಇನ್ನೇನಕ್ಕೂ ಬರುವುದಿಲ್ಲ. ಜೋರಾಗಿ ನೀರು ಹಾರಿಸಿ ತೊಳೆಯೋದಂತೂ ಬೇಡ, ಬೇರಿಂಗಿಗೆ ನೀರು ನುಗ್ಗುತ್ತದೆ.

ನೀವೇ ಪೆಡಲು ಬಿಚ್ಚೋದಾದರೆ ಎಡಗಡೆಯದ್ದಕ್ಕೆ ಉಲ್ಟಾ ಮರೆ, ಅಂದರೆ ಥ್ರೆಡ್ಡು, ಇದೆ, ಅದು ಬಿಚ್ಚೋಕೆ ಬಲಕ್ಕೆ ತಿರುಗಬೇಕು. ಸೀಟಿನ ಕಂಬವನ್ನೂ ಆಗೊಮ್ಮೆ ಈಗೊಮ್ಮೆ ಹೊರಗೆ ಎಳೆದು, ಒರೆಸಿ, ಲೋಹದ್ದಾದರೆ ತೆಳುವಾಗಿ ಗ್ರೀಸ್ ಹಚ್ಚಿ ಇಳಿಸಿ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಫ್ರೇಮಿನೊಳಗೇ ಕಚ್ಚಿಕೊಂಡು ಕೂರುತ್ತದೆ, ಆಮೇಲೆ ಯಾರು ಎಳೆದರೂ ಬರುವುದಿಲ್ಲ. ಎಳೆಯುವ ಮುಂಚೆ ಎತ್ತರಕ್ಕೆ ಒಂದು ಟೇಪಿನ ತುಂಡು ಸುತ್ತಿಡಿ. ಕಂಬದ ಮೇಲೆ ಇದಕ್ಕಿಂತ ಮೇಲೆತ್ತಬಾರದು ಅಂತ ಒಂದು ಗೆರೆ ಕೊರೆದಿರುತ್ತಾರೆ. ಸೀಟು ನಿಮ್ಮ ಎತ್ತರಕ್ಕೆ ಬಂದಾಗ ಆ ಗೆರೆ ಹೊರಗೆ ಕಾಣುತ್ತಿದ್ದರೆ ಕಂಬ ಗಿಡ್ಡವಾಯಿತು ಅಂತ, ಉದ್ದದ್ದು ಹಾಕಿಸದೆ ಹತ್ತಬೇಡಿ. ಇವತ್ತಿಗೆ ಇಷ್ಟೇ, ನಮಸ್ಕಾರ.