ಮೂವರನ್ನೂ ಅಂಕಲ್ ಎಂದು ಕರೆದರೆ ಸಾಲದು

ನಮಸ್ಕಾರ. ಮುಂಬಯಿಯ ಮಾಟುಂಗದ ಮನೆಯಿಂದ ಮಾತನಾಡುತ್ತಿದ್ದೇನೆ. ಇಂಗ್ಲಿಷ್ ಮತ್ತು ಮ್ಯಾಂಡರಿನ್ ಎರಡನ್ನೂ ಕೇಳುತ್ತ ಬೆಳೆಯುವ ಮಕ್ಕಳಿಗೆ ಅದರಿಂದ ದಕ್ಕುವುದೇನು ಎಂಬುದು ಇಂದಿನ ವಿಷಯ. ಚೀನಾದೊಡನೆ ವ್ಯಾಪಾರ, ದೊಡ್ಡ ಸಂಬಳದ ಕೆಲಸ ಎಂಬ ಉತ್ತರ ಎಲ್ಲರ ಬಾಯಲ್ಲೂ ಇದೆ. ಅದು ಸುಳ್ಳಲ್ಲ. ಆದರೆ ಇರುವ ಲಾಭಗಳಲ್ಲಿ ತೀರ ಸಣ್ಣದು ಅದೇ ಎಂದು ನನ್ನ ನಂಬಿಕೆ.

ತಂದೆಯ ಅಣ್ಣ, ತಂದೆಯ ತಮ್ಮ, ತಾಯಿಯ ಸೋದರ, ಈ ಮೂವರೂ ಇಂಗ್ಲಿಷಿನಲ್ಲಿ ಅಂಕಲ್. ಮ್ಯಾಂಡರಿನ್ ಆಡುವ ಮಗುವಾದರೋ ಮೊದಲನೆಯವರನ್ನು ಬೋಬೋ, ಎರಡನೆಯವರನ್ನು ಶೂಶೂ, ಮೂರನೆಯವರನ್ನು ಜಿಯೂಜಿಯೂ ಎನ್ನಬೇಕು. ಅಣ್ಣ ಗೆಗೆ, ತಮ್ಮ ದೀದಿ; ಮುಂಬಯಿಯ ಕಿವಿಗೆ ಅಕ್ಕ ಎಂದು ಕೇಳಿಸುವ ಪದ ಅಲ್ಲಿ ತಮ್ಮನದು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಂದು ಕರೆದು ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ: ಬಂದವರು ಯಾರ ಕಡೆಯವರು, ಹಿರಿಯರೋ ಕಿರಿಯರೋ ಎಂಬುದನ್ನು ತಿಳಿಯದೆ ಮಗು ಬಾಯಿ ತೆರೆಯಲಾರದು. ಎಣಿಕೆಯಲ್ಲಿಯೂ ಹೀಗೆಯೇ, ಮ್ಯಾಂಡರಿನ್ನಿನ ಹನ್ನೊಂದು ನೇರವಾಗಿ 'ಹತ್ತು ಒಂದು', ಇಂಗ್ಲಿಷಿನ ಇಲೆವೆನ್ನಿನಲ್ಲಿ ಹತ್ತೂ ಕಾಣದು, ಒಂದೂ ಕಾಣದು. 'ಮಾ' ಎಂಬ ಒಂದೇ ಅಕ್ಷರ ಸ್ವರದ ಏರಿಳಿತ ಬದಲಾದಂತೆ ತಾಯಿ, ಸೆಣಬು, ಕುದುರೆ, ಬೈಗುಳ ಎಲ್ಲವೂ ಆಗುತ್ತದೆ. ಇವನ್ನು ಎಳವೆಯಲ್ಲಿಯೇ ಕಿವಿಗೆ ಹಾಕಿಕೊಂಡ ಮಗುವಿಗೆ ಒಂದೇ ಲೋಕವನ್ನು ಎರಡು ಬಗೆಯಾಗಿ ಹೆಸರಿಸಬಹುದೆಂಬುದು ಪಾಠವಿಲ್ಲದೆ ತಿಳಿದಿರುತ್ತದೆ.

ಸಿಂಗಪುರ ಇದನ್ನು ರಾಷ್ಟ್ರದ ನೀತಿಯನ್ನಾಗಿಯೇ ಮಾಡಿಕೊಂಡಿತು; ಶಾಲೆಯಲ್ಲಿ ಇಂಗ್ಲಿಷಿನ ಜೊತೆಗೆ ಮಾತೃಭಾಷೆಯೆಂದು ಗುರುತಿಸಿದ ಇನ್ನೊಂದು ಭಾಷೆ ಕಡ್ಡಾಯ. ಚೀನೀ ಮೂಲದವರಿಗೆ ಅದು ಮ್ಯಾಂಡರಿನ್. ಆದರೆ ಅವರಲ್ಲಿ ಬಹುಪಾಲು ಮನೆಗಳ ಮಾತು ಹೊಕ್ಕಿಯನ್, ತಿಯೋಚ್ಯೂ, ಕ್ಯಾಂಟನೀಸ್ ಆಗಿತ್ತು. 1979ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಮ್ಯಾಂಡರಿನ್ ಆಡಿರೆಂಬ ಚಳವಳಿಯನ್ನು ಆರಂಭಿಸಿದ ಮೇಲೆ ಆ ನುಡಿಗಳು ಹಿಂದೆ ಸರಿದವು, ಅಜ್ಜಿಯ ಮಾತು ಮೊಮ್ಮಗನಿಗೆ ಅರ್ಥವಾಗದ ಮನೆಗಳಾದವು. ಮುಂದೆ ಮ್ಯಾಂಡರಿನ್ನಿಗೂ ಅದೇ ಗತಿ ತಟ್ಟತೊಡಗಿತು: ಎಲ್ಲ ಮೂಲದವರನ್ನೂ ಸೇರಿಸಿದರೆ, ಮನೆಯಲ್ಲಿ ಹೆಚ್ಚಾಗಿ ಇಂಗ್ಲಿಷ್ ಆಡುವವರು 2010ರ ಜನಗಣತಿಯಲ್ಲಿ ಶೇ. 32.3 ಇದ್ದವರು 2020ರಲ್ಲಿ ಶೇ. 48.3 ಆದರು, ಮ್ಯಾಂಡರಿನ್ ಆಡುವವರು ಶೇ. 30ಕ್ಕಿಂತ ಕೆಳಗಿಳಿದರು. ಪರೀಕ್ಷೆಗೆ ಕಡ್ಡಾಯವಾದ ಭಾಷೆಯೂ ಊಟದ ಹೊತ್ತಿನಲ್ಲಿ ಆಡದಿದ್ದರೆ ಹೀಗೆ ಜಾರುತ್ತದೆ.

ಇದು ನನಗೆ ದೂರದ ಕಥೆಯಲ್ಲ. ನಮ್ಮ ಮನೆಮಾತು ತುಳು. ಕಾರ್ಕಳದಿಂದ ಮುಂಬಯಿಗೆ ಬಂದ ತಂದೆಯವರು ಹಗಲು ಹೋಟೆಲಿನಲ್ಲಿ ದುಡಿದು ಫೋರ್ಟ್ ಪ್ರದೇಶದ ರಾತ್ರಿಶಾಲೆಯಲ್ಲಿ ಕನ್ನಡ ಓದಿದರು. ಮರಾಠಿ, ಹಿಂದಿ ಗಿರಾಕಿಗಳಿಂದ ಬಂದವು. ಒಂದು ಬಂದಿತೆಂದು ಇನ್ನೊಂದನ್ನು ಅವರು ಬಿಡಲಿಲ್ಲ. ನನ್ನ ಮಗಳನ್ನು ಶಾಲೆಗೆ ಸೇರಿಸಿದ ವರ್ಷ, ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿ ಎಂದು ಶಿಕ್ಷಕಿಯೊಬ್ಬರು ಹೇಳಿದಾಗ ನಾವು ಎರಡು ವರ್ಷ ಹಾಗೆಯೇ ನಡೆದುಕೊಂಡೆವು. ಆ ಎರಡು ವರ್ಷ ನನ್ನ ತಾಯಿಗೆ ಫೋನಿನಲ್ಲಿ ಮೊಮ್ಮಗಳ ಜೊತೆ 'ಊಟ ಆಯಿತಾ' ಎಂಬುದಕ್ಕಿಂತ ಮುಂದೆ ಮಾತನಾಡಲಾಗಲಿಲ್ಲ. ಆ ನಷ್ಟವನ್ನು ನಾನು ಇಂದಿಗೂ ಮರೆತಿಲ್ಲ.

ಆದ್ದರಿಂದ ಮಗುವನ್ನು ಮ್ಯಾಂಡರಿನ್ ತರಗತಿಗೆ ಸೇರಿಸಲೇ ಎಂದು ಕೇಳುವ ಮುಂಬಯಿ, ಪುಣೆಯ ಗೆಳೆಯರನ್ನು ನಾನು ತಡೆಯುವುದಿಲ್ಲ, ಖಂಡಿತ ಸೇರಿಸಿ ಎನ್ನುತ್ತೇನೆ. ಜೊತೆಗೆ ಎರಡು ಪ್ರಶ್ನೆ ಕೇಳುತ್ತೇನೆ: ಆ ಮಾತನ್ನು ಅದು ವಾರವಿಡೀ ಯಾರೊಡನೆ ಆಡುತ್ತದೆ? ಊರಿಗೆ ಹೋದಾಗ ದೊಡ್ಡಪ್ಪನನ್ನು ಏನೆಂದು ಕರೆಯುತ್ತದೆ?