ಎರಡು ದಿಕ್ಕಿನ ವ್ಯವಸ್ಥೆಗಳೂ ಮಾತೃಕೆಗಳ ಅಪವರ್ತನವೂ

ಕೇಳುಗರಿಗೆ ನಮಸ್ಕಾರ. ಮೋಟಾರಿನ ವೇಗವನ್ನು ನಿಯಂತ್ರಿಸುವ ವ್ಯವಸ್ಥೆಯಲ್ಲಿ ಲೆಕ್ಕ ನಡೆಯುವುದು ಕಾಲವೆಂಬ ಒಂದೇ ದಿಕ್ಕಿನಲ್ಲಿ. ಛಾಯಾಚಿತ್ರವನ್ನು ಸಂಸ್ಕರಿಸುವಾಗ ಹಾಗಲ್ಲ. ಅಲ್ಲಿ ಒಂದೊಂದು ಬಿಂದುವಿನ ಬೆಲೆಯೂ ಎಡಬದಿಯ ಬಿಂದುವನ್ನೂ ಮೇಲಿನ ಸಾಲಿನ ಬಿಂದುವನ್ನೂ ಅವಲಂಬಿಸಿರಬಹುದು. 1975ರಲ್ಲಿ ರೋಸರ್ ಅವರು ರೂಪಿಸಿದ ಮಾದರಿ ಇಂಥದ್ದೇ. ಅಡ್ಡಲಾಗಿ ಇಡುವ ಹೆಜ್ಜೆಯನ್ನು ಎಕ್ಸ್ ಎಂದೂ ಕೆಳಕ್ಕೆ ಇಡುವ ಹೆಜ್ಜೆಯನ್ನು ವೈ ಎಂದೂ ಕರೆದರೆ, ಇಡೀ ವ್ಯವಸ್ಥೆ ಎರಡು ಚರಾಕ್ಷರಗಳ ಬಹುಪದೋಕ್ತಿಗಳು ತುಂಬಿದ ಮಾತೃಕೆ, ಅಂದರೆ ಅಡ್ಡಸಾಲು ಕಂಬಸಾಲುಗಳ ಕೋಷ್ಟಕ, ಆಗುತ್ತದೆ. ಭಿನ್ನರಾಶಿಯ ಅಂಶ ಛೇದಗಳಿಂದ ಸಾಮಾನ್ಯ ಅಪವರ್ತನವನ್ನು ತೆಗೆದುಹಾಕುವಂತೆ, ಈ ಮಾತೃಕೆಯಲ್ಲಿ ಅಡಗಿರುವ ಅನಗತ್ಯ ಭಾಗವನ್ನೂ ಹೊರತೆಗೆಯಬೇಕು.

ಒಂದೇ ಚರಾಕ್ಷರವಿದ್ದಾಗ ಯೂಕ್ಲಿಡ್‌ನ ಕ್ರಮದಲ್ಲಿ ಭಾಗಿಸುತ್ತ ಹೋದರೆ ಸಾಕು. ಸಾಮಾನ್ಯ ಅಪವರ್ತನವಿಲ್ಲದ ಎರಡು ಬಹುಪದೋಕ್ತಿಗಳನ್ನು ತಕ್ಕವುಗಳಿಂದ ಗುಣಿಸಿ ಕೂಡಿದಾಗ 1 ದೊರೆತೇ ದೊರೆಯುತ್ತದೆ. ಎರಡು ಚರಾಕ್ಷರಗಳು ಬಂದೊಡನೆ ಈ ಆಸರೆ ತಪ್ಪಿಹೋಗುತ್ತದೆ. ಎಕ್ಸ್ ಮತ್ತು ವೈಗಳಿಗೆ ಸಾಮಾನ್ಯ ಅಪವರ್ತನವಿಲ್ಲ. ಆದರೂ ಅವನ್ನು ಯಾವ ಬಹುಪದೋಕ್ತಿಗಳಿಂದ ಗುಣಿಸಿ ಕೂಡಿದರೂ 1 ಬರಲಾರದು. ಎರಡೂ ಸೊನ್ನೆಯಾಗುವ ಬಿಂದುವಿನಲ್ಲಿ ಆ ಮೊತ್ತವೂ ಸೊನ್ನೆಯಾಗಲೇಬೇಕಲ್ಲ! ಈ ಶಾಸ್ತ್ರದ ತೊಡಕೆಲ್ಲ ಈ ಒಂದು ಬಿಂದುವಿನಿಂದಲೇ ಹುಟ್ಟುತ್ತದೆಂದು ನನಗನ್ನಿಸುತ್ತದೆ.

ಕಾಗದ, ಪೆನ್ಸಿಲು ಹತ್ತಿರವಿದ್ದರೆ ಇನ್ನೊಂದು ಜೋಡಿಯನ್ನು ಬರೆದುಕೊಳ್ಳಿ. ಮೊದಲನೆಯದು ಎಕ್ಸ್, ಎರಡನೆಯದು ಒಂದರಿಂದ ಎಕ್ಸ್ ವೈ ಗುಣಲಬ್ಧವನ್ನು ಕಳೆದದ್ದು. ಇವೆರಡೂ ಒಟ್ಟಿಗೆ ಸೊನ್ನೆಯಾಗುವ ಬಿಂದು ಎಲ್ಲಿಯೂ ಇಲ್ಲ. ಇವುಗಳ ಅಡ್ಡಸಾಲಿನ ಕೆಳಗೆ ಋಣ ಒಂದು ಮತ್ತು ವೈ ಎಂದು ಬರೆಯಿರಿ. ಆ ಮಾತೃಕೆಯ ನಿರ್ಧಾರಕ, ಅಂದರೆ ಮೂಲೆಯಿಂದ ಮೂಲೆಗೆ ಓರೆಯಾಗಿ ಗುಣಿಸಿ ಮೊದಲನೆಯದರಿಂದ ಎರಡನೆಯದನ್ನು ಕಳೆದಾಗ ಸಿಗುವ ಬೆಲೆ, ಸರಿಯಾಗಿ 1. ಸಾಮಾನ್ಯ ಶೂನ್ಯಬಿಂದುವಿಲ್ಲದ ಯಾವ ಅಡ್ಡಸಾಲನ್ನಾದರೂ ಹೀಗೆ ನಿರ್ಧಾರಕ 1 ಇರುವ ಚೌಕ ಮಾತೃಕೆಯಾಗಿ ಪೂರ್ಣಗೊಳಿಸಬಹುದೆಂಬುದು, 1955ರಲ್ಲಿ ಗಣಿತಜ್ಞ ಸೆರ್ ಎತ್ತಿದ ಪ್ರಶ್ನೆಗೆ ಕ್ವಿಲೆನ್ ಮತ್ತು ಸುಸ್ಲಿನ್ 1976ರಲ್ಲಿ ಬೇರೆ ಬೇರೆಯಾಗಿ ಕೊಟ್ಟ ಉತ್ತರದಿಂದ ಸಿದ್ಧವಾಯಿತು.

ಖರಗಪುರದ ಐಐಟಿಯಲ್ಲಿ ಓದಿ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ನಿರ್ಮಲ್ ಬೋಸ್, ಝಿಪಿಂಗ್ ಲಿನ್ ಅವರ ಜೊತೆಗೂಡಿ 2001ರಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಮಾತೃಕೆಯೊಳಗೆ ಹಿಡಿಸುವ ಅತಿ ದೊಡ್ಡ ಚೌಕಗಳ ನಿರ್ಧಾರಕಗಳನ್ನೆಲ್ಲ ಅವುಗಳ ಮಹತ್ತಮ ಸಾಮಾನ್ಯ ಅಪವರ್ತನದಿಂದ ಭಾಗಿಸಿದ ಮೇಲೆ ಸಾಮಾನ್ಯ ಶೂನ್ಯಬಿಂದು ಉಳಿಯದಿದ್ದರೆ, ಆ ಅಪವರ್ತನವನ್ನೇ ನಿರ್ಧಾರಕವಾಗಿ ಹೊಂದಿದ ಮಾತೃಕೆಯೊಂದನ್ನು ಹೊರತೆಗೆಯಬಹುದೆಂಬುದು ಅವರ ಊಹೆ. ಫ್ರಾನ್ಸಿನ ಪೊಮಾರೆ ಅದೇ ವರ್ಷ ಅದನ್ನು ಸಾಧಿಸಿ ತೋರಿಸಿದರು.

ಶೂನ್ಯಬಿಂದು ಉಳಿದೇಬಿಟ್ಟರೆ? ಎರಡು ಚರಾಕ್ಷರಗಳಲ್ಲಿ ಆಗಲೂ ಹೀಗೆ ಹೊರತೆಗೆಯುವುದು ಸಾಧ್ಯ. ಮೂರಾದರೆ ಆ ಖಾತರಿಯಿಲ್ಲ. ಒಂದೊಂದು ಮಾತೃಕೆಯನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಬೇಕಾಗುತ್ತದೆ.