ಜೂನಿ ಊರಿನ ನೀಲಿ ಕರಡಿ

ಬೆಳ್ಳಿಯಲ್ಲಿ ಕಲ್ಲು ಕೂರಿಸಿ ಮಾಡಿದ ಈ ಕರಡಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ನನ್ನ ಹೆಬ್ಬೆರಳಿನ ಉಗುರಿಗಿಂತ ಚೂರು ದೊಡ್ಡದು, ಅಷ್ಟೇ. ಮೈ ಪೂರ್ತಿ ಟರ್ಕ್ವಾಯ್ಸ್ ಎಂಬ ನೀಲಿ ಕಲ್ಲು. ಬಾಯಿಂದ ಎದೆಗೆ ಹೋಗುವ ಕೆಂಪು ಬಾಣ ಕಾಣುತ್ತಾ? ಅದು ಹವಳ. ಸುತ್ತ ಬಿಳಿ ಮುತ್ತಿನ ಚಿಪ್ಪು. ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದೆ. ಕಲ್ಲು ಎಲ್ಲಿ ಮುಗಿದು ಬೆಳ್ಳಿ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗಲಿಲ್ಲ.

ನಾನು ಬಂದಿರುವುದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿರುವ ಜೂನಿ ಪ್ಯೂಬ್ಲೊಗೆ, ಅಂದರೆ ಜೂನಿ ಎಂಬ ಮೂಲನಿವಾಸಿಗಳ ಊರಿಗೆ. ಗ್ಯಾಲಪ್ ಪಟ್ಟಣದಿಂದ ದಕ್ಷಿಣಕ್ಕೆ, ಕಾರಿನಲ್ಲಿ ಒಂದು ಗಂಟೆಯೂ ಬೇಡ. ಇಲ್ಲಿ ಫೋಟೊ ತೆಗೆಯಲು ಮೊದಲೇ ಅನುಮತಿ ಪಡೆಯಬೇಕು. ಪೂಜೆಯ ಕುಣಿತಗಳನ್ನಂತೂ ತೆಗೆಯುವ ಹಾಗೇ ಇಲ್ಲ. ಅದು ಅವರ ಮನೆ, ಅವರ ಮಾತು ನಡೆಯಬೇಕು ಅಲ್ವಾ? ಹಾಗಾಗಿ ಇವತ್ತು ಊರು ಕಾಣುವುದಿಲ್ಲ, ಕರಡಿ ಮಾತ್ರ.

ಕಲ್ಲು ಕೆತ್ತುವುದು ಇವರಿಗೆ ತುಂಬಾ ಹಳೆಯ ವಿದ್ಯೆ. ಬೆಳ್ಳಿ ಬಂದದ್ದು ಆಮೇಲೆ. 1872ರ ಸುಮಾರಿಗೆ ಲಾನ್ಯಾಡೆ ಎಂಬ ಜೂನಿಯವರು ನವಾಹೊ ಎಂಬ ಇನ್ನೊಂದು ಮೂಲನಿವಾಸಿ ಜನಾಂಗದ ಅಕ್ಕಸಾಲಿಗ ಅಟ್ಸಿಡಿ ಚೋನ್ ಅವರಿಂದ ಬೆಳ್ಳಿ ಕೆಲಸ ಕಲಿತರು. ಬರುಬರುತ್ತಾ ಜೂನಿ ಕೈಗಳಲ್ಲಿ ಬೆಳ್ಳಿ ಹಿಂದೆ ಸರಿದು, ಕಲ್ಲು ಮುಂದೆ ಬಂತು.

ಕೆಲಸ ಹೇಗೆ ಗೊತ್ತಾ? ಬೆಳ್ಳಿ ತಗಡಿನ ಮೇಲೆ ತೆಳ್ಳನೆಯ ಪಟ್ಟಿಗಳನ್ನು ನಿಲ್ಲಿಸಿ ಬೆಸುಗೆ ಹಾಕುತ್ತಾರೆ. ಪುಟ್ಟ ಪುಟ್ಟ ಮನೆಗಳಾಗುತ್ತವೆ. ಒಂದೊಂದು ಮನೆಗೂ ಒಂದೊಂದು ಕಲ್ಲು. ಸಾಣೆ ಹಿಡಿಯುವುದು, ಇಟ್ಟು ನೋಡುವುದು, ಮತ್ತೆ ಸಾಣೆ ಹಿಡಿಯುವುದು. ಕೂದಲೆಳೆಯಷ್ಟು ಜಾಸ್ತಿ ಸವೆದರೂ ಸಂದು ಕಾಣುತ್ತದೆ. ಎಲ್ಲವನ್ನೂ ಅಂಟಿಸಿದ ಮೇಲೆ ಕಲ್ಲು, ಬೆಳ್ಳಿ ಎರಡನ್ನೂ ಒಂದೇ ಮಟ್ಟಕ್ಕೆ ಉಜ್ಜಿ ಹೊಳಪು ಕೊಡುತ್ತಾರೆ. ಇದು ಚಾನೆಲ್ ಇನ್‌ಲೇ. ನಡುವೆ ಬೆಳ್ಳಿಯೇ ಇಲ್ಲದೆ ಕಲ್ಲಿಗೆ ಕಲ್ಲು ತಾಗಿಸಿ ಕೂರಿಸುವುದೂ ಉಂಟು. ಅದನ್ನು ನೋಡಿದರೆ ನನಗೆ ಮಾತೇ ಬರುವುದಿಲ್ಲ.

ಕರಡಿ ಸುಮ್ನೆ ಚಂದಕ್ಕೆ ಬಂದದ್ದಲ್ಲ. ಜೂನಿಯವರಿಗೆ ದಿಕ್ಕುಗಳು ಆರು, ಪ್ರತಿ ದಿಕ್ಕಿಗೂ ಕಾಯುವ ಒಂದು ಪ್ರಾಣಿ, ಒಂದು ಬಣ್ಣ. ಉತ್ತರಕ್ಕೆ ಬೆಕ್ಕಿನ ಜಾತಿಯ ದೊಡ್ಡ ಪ್ರಾಣಿ ಹಳದಿ ಪೂಮಾ, ದಕ್ಷಿಣಕ್ಕೆ ಬಿಲ ತೋಡುವ ಕೆಂಪು ಬ್ಯಾಡ್ಜರ್, ಪೂರ್ವಕ್ಕೆ ಬಿಳಿ ತೋಳ. ಮೇಲೆ ಹದ್ದು, ನೆಲದಡಿ ಮಣ್ಣು ತೋಡುವ ಕಪ್ಪು ಮೋಲ್. ಪಶ್ಚಿಮಕ್ಕೆ ಕರಡಿ, ಅದರ ಬಣ್ಣ ನೀಲಿ. ಆ ಕೆಂಪು ಬಾಣ ಅದರ ಉಸಿರಿನ ದಾರಿ.

ನಕಲಿ ಮಾಲು ಬೇಕಾದಷ್ಟಿದೆ. ಬೇರೆಯವರು ಮಾಡಿದ್ದನ್ನು ಅಮೆರಿಕದ ಮೂಲನಿವಾಸಿಗಳ ಕೆಲಸ ಎಂದು ಮಾರುವುದು ಅಪರಾಧ, 1990ರ ಕಾನೂನೇ ಇದೆ. ಆದರೂ ಕೊಳ್ಳುವಾಗ ಮಾಡಿದವರು ಯಾರು ಅಂತ ಕೇಳಿ.

ಈಗ ಕರಡಿಯನ್ನು ತಿರುಗಿಸುತ್ತೇನೆ. ಬೆಳ್ಳಿಯ ಮೇಲೆ ಗೀಚಿದ ಎರಡು ಹೆಸರು. ಬೆಳ್ಳಿ ಗಂಡನದು, ಕಲ್ಲು ಹೆಂಡತಿಯದು.